"ನೀವು ಹೋಗಿ ಬನ್ನಿ"

ಒಂದು ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ನಿಮ್ಮ ಮಗ ಬಂದು, "ನಾಳೆ ಗೆಳೆಯರ ಜೊತೆ ಬೆಟ್ಟ ಹತ್ತಲು ಹೋಗುತ್ತೇನೆ, ರಾತ್ರಿ ಅಲ್ಲೇ ಟೆಂಟ್ ಹಾಕಿ ಉಳಿಯುತ್ತೇವೆ, ರವಿವಾರ ರಾತ್ರಿ ವಾಪಸು ಬರುತ್ತೇವೆ" ಎಂದು ಹೇಳುತ್ತಾನೆನ್ನಿ. ನೀವು ಏನೇನು ಕೇಳುತ್ತೀರಿ? ಯಾರು ಯಾರು ಹೋಗುತ್ತೀರಿ, ಅವರು ಎಂಥವರು, ನಮಾಝ್ ತಪ್ಪಿಸುವುದಿಲ್ಲ ತಾನೇ, ಊಟಕ್ಕೆ ಏನು ವ್ಯವಸ್ಥೆ ಎಂದೆಲ್ಲ ವಿಚಾರಿಸುತ್ತೀರಿ. ಉಮ್ಮ ಮಾತಾಡದೆ ಎದ್ದು ಹೋಗಿ ಕಪಾಟಿನಿಂದ ಒಂದು ಸ್ವೆಟರ್ ಹುಡುಕಿ ತಂದಿಡುತ್ತಾರೆ. ಇವೆಲ್ಲ ಕೇಳಬೇಕಾದ, ಮಾಡಬೇಕಾದ ಸಂಗತಿಗಳೇ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾವ ಮನೆಯಲ್ಲಿಯೂ ಯಾರೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನು ಯಾರು? ಅವನ ಜೊತೆಯಲ್ಲಿ ಯಾರಿರುತ್ತಾರೆ?

ಈ ಪ್ರಶ್ನೆ ನನಗೂ ತಾನಾಗಿ ಹೊಳೆದದ್ದಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಮಾಡಿದ ಒಂದು ತಪ್ಪು ಅದನ್ನು ಕಲಿಸಿತು. ಆ ತಪ್ಪು ತಪ್ಪೇ ಹೌದೋ ಅಲ್ಲವೋ ಎಂಬ ವಾದ ನನ್ನೊಳಗೆ ಬಹಳ ಕಾಲ ನಡೆದಿತ್ತು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಅದಕ್ಕೆ ಮುಂಚೆ ಒಂದು ಮಾತು. ಬೆಟ್ಟ ಹತ್ತುವುದು, ಕಾಡಿನಲ್ಲಿ ರಾತ್ರಿ ಕಳೆಯುವುದು ಇವೆಲ್ಲ ಕಾಲಹರಣ, ಸತ್ಯವಿಶ್ವಾಸಿಗೆ ಹೇಳಿದ ಕೆಲಸವಲ್ಲ ಎಂದು ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಅಭಿಪ್ರಾಯ ಒಪ್ಪಿಗೆಯಾಗುವುದಿಲ್ಲ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಪವಿತ್ರ ಕುರ್‌ಆನ್ ಒಂದಲ್ಲ, ಹಲವು ಕಡೆಗಳಲ್ಲಿ ಹೇಳುತ್ತದೆ. ಪರ್ವತಗಳನ್ನು ಹೇಗೆ ನಾಟಲಾಗಿದೆ ಎಂಬುದರತ್ತ ಮನುಷ್ಯನ ಗಮನ ಸೆಳೆಯುತ್ತದೆ. ಮನೆಯ ಸಿಮೆಂಟು ಗೋಡೆಗಳ ನಡುವೆಯೇ ಬೆಳೆದ ಮಕ್ಕಳು ವರ್ಷಕ್ಕೊಮ್ಮೆಯಾದರೂ ಸೃಷ್ಟಿಕರ್ತನ ಕುಸುರಿಯನ್ನು ಕಣ್ಣಾರೆ ಕಾಣಲಿ. ಪ್ರಶ್ನೆ ಇರುವುದು ಹೋಗಬೇಕೋ ಬೇಡವೋ ಎಂಬುದರಲ್ಲಲ್ಲ, ಹೇಗೆ ಹೋಗಬೇಕು ಎಂಬುದರಲ್ಲಿ.

ನಾವು ಹೋದದ್ದು ಕುಮಾರಪರ್ವತಕ್ಕೆ. ಕುಕ್ಕೆ ಸುಬ್ರಹ್ಮಣ್ಯದ ಹಿಂದೆ ನಿಂತಿರುವ ಈ ಪರ್ವತದ ಎತ್ತರ 1712 ಮೀಟರ್. ಕೊಡಗಿನ ಕಡೆಯವರು ಇದನ್ನು ಪುಷ್ಪಗಿರಿ ಎನ್ನುತ್ತಾರೆ. ಎತ್ತರದ ಸಂಖ್ಯೆಯನ್ನು ನೋಡಿ ಇದನ್ನು ಅಳೆಯಬಾರದು. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರವಾದರೂ ಅದರ ಬಹುಭಾಗವನ್ನು ವಾಹನವೇ ಹತ್ತಿಸಿಬಿಡುತ್ತದೆ. ಕುಕ್ಕೆ ಇರುವುದು ತಗ್ಗಿನಲ್ಲಿ, ಆದ್ದರಿಂದ ಇಲ್ಲಿ ಪರ್ವತದ ಹೆಚ್ಚುಕಡಿಮೆ ಎಲ್ಲ ಎತ್ತರವನ್ನೂ ಕಾಲುಗಳೇ ಏರಬೇಕು. ಮೊದಲು ದಟ್ಟವಾದ ಕಾಡು, ಬೇರುಗಳೇ ಮೆಟ್ಟಿಲುಗಳಾದ ಏರು. ನಂತರ ಗಿರಿಗದ್ದೆ, ಅಲ್ಲಿ ಚಾರಣಿಗರೆಲ್ಲರಿಗೂ ಗೊತ್ತಿರುವ ಭಟ್ಟರ ಮನೆ. ಅಲ್ಲಿಂದ ಮುಂದೆ ಮರಗಳಿಲ್ಲದ ಹುಲ್ಲುಗಾವಲು, ತಲೆಯ ಮೇಲೆ ನೇರ ಬಿಸಿಲು. ಕಲ್ಲುಮಂಟಪ ದಾಟಿದರೆ ಶೇಷಪರ್ವತ, ಮತ್ತೆ ಒಂದು ಇಳಿತ, ಶೋಲಾ ಕಾಡು, ಕಡಿದಾದ ಬಂಡೆ, ಆಮೇಲೆ ಶಿಖರ. ಈಗ ಅಲ್ಲಿಗೆ ಮುಂಗಡ ಅನುಮತಿ ಪಡೆದು ಹೋಗಬೇಕು. 2024ರ ಜನವರಿಯಲ್ಲಿ ಒಂದೇ ವಾರಾಂತ್ಯ ಅಲ್ಲಿ ನೆರೆದ ಜನಸಂದಣಿಯ ಚಿತ್ರಗಳನ್ನು ನೋಡಿದವರಿಗೆ ಈ ಬಿಗಿ ಏಕೆಂದು ಹೇಳಬೇಕಾಗಿಲ್ಲ. ನಾವು ಹೋದ ಕಾಲದಲ್ಲಿ ಅಂಥ ಗದ್ದಲವಿರಲಿಲ್ಲ, ಕೈಯಲ್ಲಿ ಫೋನುಗಳೂ ಇರಲಿಲ್ಲ.

ಡಿಸೆಂಬರ್ ತಿಂಗಳು. ನಾವು ಐವರು. ಶನಿವಾರ ಫಜ್ರ್ ನಮಾಝ್ ಮುಗಿಸಿ ಮಂಗಳೂರಿನಿಂದ ಬಸ್ಸು ಹತ್ತಿದೆವು. ನಮ್ಮಲ್ಲಿ ಒಬ್ಬನಿಗೆ ಸ್ವಲ್ಪ ಸ್ಥೂಲಕಾಯ, ಚಳಿಗಾಲದಲ್ಲಿ ಉಬ್ಬಸ ಬರುವ ಸ್ವಭಾವ. ಅದು ನಮಗೆ ಗೊತ್ತಿತ್ತು, ಆದರೆ ಹೊರಡುವಾಗ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಅವನೂ ಮಾತಾಡಲಿಲ್ಲ. ಮಾತಾಡಿದರೆ ಬಿಟ್ಟು ಹೋಗುತ್ತೇವೆಂಬ ಭಯ ಅವನಿಗಿತ್ತೆಂದು ಈಗ ಊಹಿಸಬಲ್ಲೆ. ನಮ್ಮೆಲ್ಲರಿಗಿಂತ ಉತ್ಸಾಹ ಅವನದೇ. ಅಕ್ಕಿ, ಅಲ್ಯೂಮಿನಿಯಂ ಪಾತ್ರೆ, ಎಣ್ಣೆಯ ಬಾಟಲಿ ಎಲ್ಲ ಅವನ ಚೀಲದಲ್ಲೇ ಸೇರಿದ್ದವು. "ನನ್ನದು ದೊಡ್ಡ ಚೀಲ, ಇದರಲ್ಲೇ ಹಾಕಿ" ಎಂದು ತಾನಾಗಿ ಹೇಳಿದ್ದ. ನಾವು ಸಂತೋಷದಿಂದ ಹಾಕಿದೆವು.

ಗುಂಪಾಗಿ ಬೆಟ್ಟ ಹತ್ತಿದವರಿಗೆ ಗೊತ್ತಿರುವ ಒಂದು ಲೆಕ್ಕವಿದೆ. ಚುರುಕು ಕಾಲಿನವರು ಮುಂದೆ ಹೋಗಿ ಒಂದು ಬಂಡೆಯ ಮೇಲೆ ಕುಳಿತು ಬೆವರು ಒರೆಸಿಕೊಂಡು, ನೀರು ಕುಡಿದು, ಹರಟುತ್ತಾ ಹಿಂದಿನವನಿಗಾಗಿ ಕಾಯುತ್ತಾರೆ. ಹತ್ತು ನಿಮಿಷ ಕಳೆದು ಅವನು ಏದುಸಿರು ಬಿಡುತ್ತಾ ಬಂದು ತಲಪುತ್ತಾನೆ. "ಬಂದೆಯಾ? ಸರಿ, ಹೊರಡೋಣ" ಎಂದು ಇವರು ಎದ್ದುಬಿಡುತ್ತಾರೆ. ಹೀಗೆ ವಿಶ್ರಾಂತಿಯ ಅಗತ್ಯ ಯಾರಿಗೆ ಹೆಚ್ಚೋ ಅವನಿಗೆ ಅದು ಎಲ್ಲರಿಗಿಂತ ಕಡಿಮೆ ಸಿಗುತ್ತದೆ. ಕಾದವರಿಗೆ ಮಾತ್ರ ತಾವು ಉಪಕಾರ ಮಾಡಿದೆವೆಂಬ ಭಾವನೆ! ಗಿರಿಗದ್ದೆಯವರೆಗೆ ನಾವು ಐದಾರು ಸಲ ಹೀಗೆ "ಕಾದೆವು". ಒಂದೊಂದು ಸಲವೂ ಅವನು ಕ್ಷಮೆ ಕೇಳುವವನಂತೆ ನಕ್ಕ. ಆ ರಾತ್ರಿ ಗಿರಿಗದ್ದೆಯ ಹತ್ತಿರ ಟೆಂಟ್ ಹಾಕಿದೆವು. ಕಟ್ಟಿಗೆಯ ಬೆಂಕಿಯ ಮುಂದೆ ಕುಳಿತು ಅನ್ನ ಬೇಯಿಸಿದವನೂ ಅವನೇ.

ರವಿವಾರ ಬೆಳಗ್ಗೆ ಎಂಟೂವರೆಗೆ ಕಲ್ಲುಮಂಟಪ ತಲಪಿದೆವು. ಅವನ ಎದೆಯ ಸದ್ದು ನಮಗೂ ಕೇಳಿಸುತ್ತಿತ್ತು. ನಮ್ಮಲ್ಲೊಬ್ಬ ಗಡಿಯಾರ ನೋಡಿಕೊಂಡು, "ಹೀಗೇ ಆದರೆ ಶಿಖರ ಮುಟ್ಟಿ ರಾತ್ರಿಯ ಬಸ್ಸಿಗೆ ಇಳಿಯುವುದು ಕಷ್ಟ" ಎಂದ. ಯಾರನ್ನೂ ಉದ್ದೇಶಿಸಿ ಹೇಳಿದ ಮಾತಲ್ಲ ಅದು. ಎಲ್ಲರೂ ಸುಮ್ಮನಾದೆವು. ಸ್ವಲ್ಪ ಹೊತ್ತು ಬಿಟ್ಟು ಆ ಗೆಳೆಯ ಹೇಳಿದ: "ನೀವು ಹೋಗಿ ಬನ್ನಿ. ನಾನು ಇಲ್ಲೇ ಕೂತಿರ್ತೇನೆ. ನನಗೇನೂ ಬೇಜಾರಿಲ್ಲ."

ನಾವು ಒಂದೆರಡು ಸಲ "ಬೇಡ, ಬೇಡ, ನೀನೂ ಬಾ" ಎಂದೆವು. ಹಾಗೆ ಹೇಳುವಾಗಲೇ ಚೀಲಗಳನ್ನು ಹೆಗಲಿಗೇರಿಸುತ್ತಿದ್ದೆವು. ಅವನ ಚೀಲದಿಂದ ನಮ್ಮ ಪಾಲಿನ ಅವಲಕ್ಕಿ, ಬಾಳೆಹಣ್ಣು ತೆಗೆದುಕೊಂಡು ಹೊರಟೆವು.

ಶಿಖರದ ಮೇಲೆ ಝುಹ್ರ್‌ನ ಸಮಯವಾಯಿತು. ಮಂಗಳೂರಿನಿಂದ ನೂರು ಕಿಲೋಮೀಟರ್ ದಾಟಿದ ಪ್ರಯಾಣ, ಆದುದರಿಂದ ಕಸ್ರ್‌ನ ರಿಯಾಯಿತಿ ಇತ್ತು. ಬಾಟಲಿಗಳಲ್ಲಿ ಉಳಿದಿದ್ದ ನೀರಿನಲ್ಲಿ ಮಿತವಾಗಿ ವುಝೂ ಮಾಡಿ ನಾಲ್ವರೂ ಭುಜಕ್ಕೆ ಭುಜ ತಾಗಿಸಿ ನಿಂತೆವು. ಕೆಳಗೆ ಮೋಡ, ಮೇಲೆ ಆಕಾಶ. ನನ್ನ ಜೀವನದಲ್ಲಿ ಅಷ್ಟು ತನ್ಮಯತೆಯಿಂದ ಮಾಡಿದ ನಮಾಝ್‌ಗಳು ಹೆಚ್ಚಿಲ್ಲ ಎಂದು ಆ ಹೊತ್ತಿನಲ್ಲಿ ಅನಿಸಿತ್ತು. ಸಾಲನ್ನು ನೇರಗೊಳಿಸಿರಿ, ನಡುವೆ ಜಾಗ ಬಿಡಬೇಡಿರಿ ಎಂದು ಇಮಾಮನಾಗಿ ನಿಂತವನು ಹೇಳಿದ್ದೂ ನೆನಪಿದೆ. ಇಮಾಮನಾಗಿದ್ದವನು ನಾನೇ.

ನಾವು ಕಲ್ಲುಮಂಟಪಕ್ಕೆ ಮರಳಿದಾಗ ಎರಡೂವರೆ. ಅಲ್ಲಿ ಯಾರೂ ಇರಲಿಲ್ಲ. ಹುಲ್ಲುಗಾವಲಿನ ಮೇಲೆ ಮಂಜು ಇಳಿಯತೊಡಗಿತ್ತು, ಇಪ್ಪತ್ತು ಹೆಜ್ಜೆ ಆಚೆಗೆ ಏನೂ ಕಾಣುತ್ತಿರಲಿಲ್ಲ. ಅದು ಆನೆಗಳು ಓಡಾಡುವ ವನ್ಯಧಾಮ. ಕೂಗಿದೆವು, ಉತ್ತರವಿಲ್ಲ. ಇಳಿಜಾರಿನಲ್ಲಿ ಓಡಿಕೊಂಡೇ ಇಳಿದ ಆ ಒಂದು ಗಂಟೆಯಲ್ಲಿ ನನ್ನ ನಾಲಿಗೆಯಲ್ಲಿ ಇದ್ದುದು ದುಆ, ಮನಸ್ಸಿನಲ್ಲಿ ಇದ್ದುದು ಅವನ ಉಮ್ಮನ ಮುಖ. ಅವರಿಗೆ ಏನೆಂದು ಹೇಳುವುದು?

ಅವನು ನಮ್ಮ ಟೆಂಟಿನ ಬಳಿ ಇದ್ದ. ಟೆಂಟನ್ನು ಬಿಚ್ಚಿ, ಮಡಚಿ, ಪಾತ್ರೆ ತೊಳೆದಿಟ್ಟು ಕುಳಿತಿದ್ದ. ಬೇರೆ ಊರಿನ ಹುಡುಗರ ಗುಂಪೊಂದು ಇಳಿಯುವಾಗ ಅವನ ಉಸಿರಾಟ ನೋಡಿ, ಚೀಲವನ್ನು ಒಬ್ಬ ಹೊತ್ತು, ಇನ್ನೊಬ್ಬ ಅವನ ಜೊತೆ ಹೆಜ್ಜೆ ಹಾಕಿ ನಿಧಾನವಾಗಿ ಕರೆತಂದಿತ್ತು. ಅವರ ಹೆಸರೇನು, ಧರ್ಮವೇನು, ನಾವು ಕೇಳಲಿಲ್ಲ. ಕೇಳುವ ಮುಖವೂ ನಮಗಿರಲಿಲ್ಲ. ಅವರು ಅಷ್ಟರಲ್ಲಿ ಹೊರಟುಹೋಗಿದ್ದರು. ಗೆಳೆಯ ಜಗಳವಾಡಲಿಲ್ಲ, "ಹೇಗಿತ್ತು ಮೇಲೆ?" ಎಂದು ಕೇಳಿದ. ಆಮೇಲೆ ನಮ್ಮೊಂದಿಗೆ ಯಾವ ಪ್ರಯಾಣಕ್ಕೂ ಅವನು ಬರಲಿಲ್ಲ. ಕರೆದಾಗಲೆಲ್ಲ ಏನಾದರೊಂದು ಕೆಲಸವಿರುತ್ತಿತ್ತು.

ಈಗ ನೀವೇ ಯೋಚಿಸಿ ನೋಡಿ. ನಾವು ಮಾಡಿದ್ದು ತಪ್ಪೇ? ನಾನು ನನ್ನ ಪರವಾಗಿ ಬಹಳ ಕಾಲ ಹೀಗೆ ವಾದಿಸಿಕೊಂಡೆ. ನಾವು ಅವನನ್ನು ಬಿಟ್ಟುಹೋಗಲಿಲ್ಲ, ಅವನೇ ಹೋಗಿರಿ ಎಂದ. ಅವನು ಮಗುವಲ್ಲ. ಒಬ್ಬ ಪ್ರಾಯಕ್ಕೆ ಬಂದ ಮನುಷ್ಯ ಬಾಯಿಬಿಟ್ಟು ಹೇಳಿದ ಮಾತನ್ನು ನಂಬದೆ, ಅದರ ಹಿಂದೆ ಬೇರೆ ಅರ್ಥವಿದೆಯೆಂದು ಹುಡುಕುವುದು ಅವನನ್ನು ಅವಮಾನಿಸಿದಂತಲ್ಲವೇ? ಒಬ್ಬನಿಗೆ ಆಗುವುದಿಲ್ಲವೆಂದು ನಾಲ್ವರ ಆಸೆಯನ್ನು ಕೊಲ್ಲುವುದು ಯಾವ ನ್ಯಾಯ? ಈ ವಾದ ಹಗುರವಾದದ್ದೇನೂ ಅಲ್ಲ. ನಿಮ್ಮಲ್ಲಿ ಕೆಲವರಿಗೆ ಇದೇ ಸರಿಯೆಂದು ಕಂಡೀತು.

ಆದರೆ ನಮ್ಮ ಧರ್ಮವು ಸಮ್ಮತಿಯನ್ನು ಬರಿಯ ಬಾಯಿಮಾತಿನಿಂದ ಅಳೆಯುವುದಿಲ್ಲ. ಪತ್ನಿಯು ತನ್ನ ಮಹ್ರ್‌ನಿಂದ ಏನನ್ನಾದರೂ ಬಿಟ್ಟುಕೊಟ್ಟರೆ ಪತಿಗೆ ಅದು ಧರ್ಮಸಮ್ಮತವೆಂದು ಹೇಳುವಲ್ಲಿ ಕುರ್‌ಆನ್ ಒಂದು ಷರತ್ತನ್ನಿಟ್ಟಿದೆ. ಆಕೆ ಅದನ್ನು ಮನಸ್ಸಂತೋಷದಿಂದ ಕೊಟ್ಟಿರಬೇಕು. ನಾಲಿಗೆ ಹೌದೆಂದರೆ ಸಾಲದು, ಮನಸ್ಸೂ ಹೌದೆನ್ನಬೇಕು. ಇದೇ ಜಾಡಿನಲ್ಲಿ ಮುಂದುವರಿದ ನಮ್ಮ ಪೂರ್ವಿಕ ವಿದ್ವಾಂಸರು, ಒಬ್ಬನನ್ನು ನಾಚಿಕೆಗೆ ಸಿಲುಕಿಸಿ ಪಡೆದ ವಸ್ತುವನ್ನು ಬಲಾತ್ಕಾರದಿಂದ ಕಿತ್ತುಕೊಂಡದ್ದರ ಸಾಲಿಗೆ ಸೇರಿಸಿದ್ದಾರೆ. ನಾಲ್ಕು ಜನರ ಮುಂದೆ ಕೇಳಿ, ಇಲ್ಲವೆನ್ನಲಾಗದ ಸ್ಥಿತಿಯನ್ನು ನಿರ್ಮಿಸಿ, ಅವನು ಕೊಟ್ಟುಬಿಟ್ಟ ಮೇಲೆ "ಅವನೇ ಕೊಟ್ಟ" ಎನ್ನುವುದು ಎಂಥ ಜಾಣತನ! ಕಲ್ಲುಮಂಟಪದಲ್ಲಿ ನಾವು ಅವನನ್ನು ಏನೂ ಕೇಳಲಿಲ್ಲ ನಿಜ. ಗಡಿಯಾರ ನೋಡಿದೆವು, ಅಷ್ಟೇ. ಅಷ್ಟು ಸಾಕಾಗಿತ್ತು.

ಪ್ರವಾದಿವರ್ಯರ(ಸ) ಪ್ರಯಾಣಗಳ ಬಗ್ಗೆ ಓದುವಾಗ ಈ ದೃಷ್ಟಿಯಿಂದ ನೋಡಿರಿ. ಪ್ರಯಾಣದಲ್ಲಿ ಅವರು ಹಿಂದೆ ಉಳಿಯುತ್ತಿದ್ದರು, ದುರ್ಬಲರನ್ನು ಮೆಲ್ಲನೆ ಮುನ್ನಡೆಸುತ್ತಿದ್ದರು, ನಡೆಯಲಾರದವರನ್ನು ತಮ್ಮ ಹಿಂದೆ ಕೂರಿಸಿಕೊಳ್ಳುತ್ತಿದ್ದರು, ಅವರಿಗಾಗಿ ಪ್ರಾರ್ಥಿಸುತ್ತಿದ್ದರು ಎಂದು ಹಝ್ರತ್ ಜಾಬಿರ್(ರ) ವರದಿ ಮಾಡಿದ್ದಾರೆ. ಒಂದು ಸಮಾಜದ ನಾಯಕ, ಸೇನೆಯ ದಂಡನಾಯಕ, ಅಲ್ಲಾಹನ ಸಂದೇಶವಾಹಕ ನಿಲ್ಲುವ ಜಾಗ ಯಾವುದು? ಧ್ವಜದ ಬಳಿ, ಮುಂಚೂಣಿಯಲ್ಲಿ ಎಂದು ನಾವು ಎಣಿಸುತ್ತೇವೆ. ಅವರು ಸಾಲಿನ ತುದಿಯಲ್ಲಿ, ಧೂಳು ತಿನ್ನುತ್ತಾ, ಕುಂಟುವ ಒಂಟೆಗಳ ಜೊತೆಗಿದ್ದರು. ಪರ್ವತಾರೋಹಣದ ಅನುಭವಿಗಳು ಇಂದು ಸಾಲಿನ ಕೊನೆಗೆ ಗುಂಪಿನ ಪಳಗಿದ ಒಬ್ಬನನ್ನೇ ನಿಲ್ಲಿಸುತ್ತಾರೆ. ಅವನನ್ನು ದಾಟಿ ಯಾರೂ ಹಿಂದುಳಿಯಬಾರದು ಎಂಬುದು ಅದರ ನಿಯಮ.

ಬದ್ರ್‌ಗೆ ಹೊರಟಾಗ ಮೂರು ನೂರಕ್ಕೂ ಮಿಕ್ಕಿದ ಜನರಿಗೆ ಇದ್ದ ಒಂಟೆಗಳು ಎಪ್ಪತ್ತರಷ್ಟು. ಒಂದೊಂದು ಒಂಟೆಯನ್ನು ಮೂವರಂತೆ ಸರದಿಯಲ್ಲಿ ಏರುತ್ತಿದ್ದರು. ಪ್ರವಾದಿವರ್ಯರ(ಸ) ಸರದಿಯ ಜೊತೆಗಾರರು ಅಲೀ(ರ) ಮತ್ತು ಅಬೂ ಲುಬಾಬಾ(ರ). ಪ್ರವಾದಿವರ್ಯರು(ಸ) ನಡೆಯುವ ಸರದಿ ಬಂದಾಗ ಅವರಿಬ್ಬರೂ, ತಾವು ನಡೆಯುತ್ತೇವೆ, ತಾವು ಏರಿಯೇ ಇರಿ ಎಂದು ಕೇಳಿಕೊಂಡರು. ಇದರಲ್ಲಿ ನಾಚಿಕೆಯ ಒತ್ತಾಯವಿರಲಿಲ್ಲ, ಶುದ್ಧ ಪ್ರೀತಿಯೇ ಇತ್ತು. ಹಾಗಿದ್ದೂ ಅವರು(ಸ) ಒಪ್ಪಲಿಲ್ಲ. ನಡೆಯುವ ಶಕ್ತಿಯಲ್ಲಿ ನೀವು ನನಗಿಂತ ಮೇಲಲ್ಲ, ಪುಣ್ಯದ ಅಗತ್ಯದಲ್ಲಿ ನಾನು ನಿಮಗಿಂತ ಕೆಳಗಲ್ಲ ಎಂಬ ಅರ್ಥದ ಉತ್ತರ ಕೊಟ್ಟು ಇಳಿದು ನಡೆದರು. ಮನಃಪೂರ್ವಕ ಸಮ್ಮತಿಯನ್ನೇ ಸ್ವೀಕರಿಸಲು ಹಿಂಜರಿದವರ ಅನುಯಾಯಿಗಳು ನಾವು. ಏದುಸಿರಿನ ನಡುವೆ ಬಂದ ಸಮ್ಮತಿಯನ್ನು ಎರಡೂ ಕೈಗಳಿಂದ ಬಾಚಿಕೊಂಡೆವು.

ಇನ್ನೊಂದು ಘಟನೆ ನಿಮಗೆಲ್ಲ ಗೊತ್ತಿರುವುದೇ. ಒಂದು ಪ್ರಯಾಣದಲ್ಲಿ ಹಝ್ರತ್ ಆಯಿಶಾರ(ರ) ಹಾರ ಕಳೆದುಹೋಯಿತು. ಅದನ್ನು ಹುಡುಕಲಿಕ್ಕಾಗಿ ಪ್ರವಾದಿವರ್ಯರು(ಸ) ಇಡೀ ತಂಡವನ್ನು ನಿಲ್ಲಿಸಿದರು. ಅದು ನೀರಿಲ್ಲದ ಜಾಗ, ಜನರ ಬಳಿಯೂ ನೀರಿರಲಿಲ್ಲ. ಜನರು ಅಬೂಬಕ್ಕರ್‌ರ(ರ) ಬಳಿಗೆ ಹೋಗಿ, ನಿಮ್ಮ ಮಗಳು ಮಾಡಿದ್ದನ್ನು ನೋಡಿದಿರಾ ಎಂದು ದೂರಿದರು. ತಂದೆ ಮಗಳನ್ನು ಬಂದು ಗದರಿಸಿದರು. ರಾತ್ರಿ ಕಳೆಯಿತು. ಬೆಳಗ್ಗೆ ನೀರಿಲ್ಲದೆ ಜನರು ಪೇಚಾಡುತ್ತಿದ್ದಾಗ ತಯಮ್ಮುಮ್‌ನ ಅನುಮತಿ ಅವತೀರ್ಣವಾಯಿತು. ಹೊರಡಲೆಂದು ಒಂಟೆಯನ್ನು ಎಬ್ಬಿಸಿದಾಗ ಹಾರ ಅದರ ಅಡಿಯಲ್ಲೇ ಇತ್ತು! ಒಬ್ಬಳು ಹೆಣ್ಣುಮಗಳ ಒಂದು ಹಾರಕ್ಕಾಗಿ ಇಡೀ ತಂಡ ಕಾದಿತು. ಆ ಕಾಯುವಿಕೆಯ ಫಲವನ್ನು ನೀರಿಲ್ಲದ ಬೆಟ್ಟದ ಮೇಲೆ ಮಣ್ಣಿನಿಂದ ಶುದ್ಧಿಗೊಂಡು ನಮಾಝ್ ಮಾಡುವ ಪ್ರತಿಯೊಬ್ಬ ಪ್ರಯಾಣಿಕನೂ ಇಂದಿಗೂ ಉಣ್ಣುತ್ತಿದ್ದಾನೆ.

ಪ್ರಯಾಣಿಕನ ವಿಷಯದಲ್ಲಿ ಶರೀಅತ್ ಎಷ್ಟು ನಿಧಾನವಾಗಿ ಹೆಜ್ಜೆ ಹಾಕುತ್ತದೆ ನೋಡಿ. ನಾಲ್ಕು ರಕಅತ್‌ಗಳು ಎರಡಾಗುತ್ತವೆ, ರಮಝಾನಿನ ಉಪವಾಸವನ್ನು ಇನ್ನೊಂದು ದಿನಕ್ಕೆ ತೆಗೆದಿಡಬಹುದು, ನೀರಿಲ್ಲದಿದ್ದರೆ ಮಣ್ಣು ಸಾಕು. ದಣಿದವನನ್ನು ಕಂಡು ಅಲ್ಲಾಹನು ತನ್ನ ಹಕ್ಕನ್ನೇ ಕಡಿಮೆ ಮಾಡಿಕೊಂಡಿದ್ದಾನೆ. ಶಿಖರದ ಮೇಲೆ ಎರಡು ರಕಅತ್‌ಗಳಲ್ಲಿ ಸಲಾಂ ಹೇಳಿ ಮುಗಿಸಿದಾಗ ಆ ರಿಯಾಯಿತಿಯನ್ನು ನಾನು ಪಡೆದೆ. ಅಲ್ಲಾಹನಿಂದ ಪಡೆದದ್ದನ್ನು ಅವನ ದಾಸನೊಬ್ಬನಿಗೆ ಕೊಡಲು ನನಗೆ ಬಸ್ಸಿನ ಸಮಯ ಅಡ್ಡಬಂತು. ಸಾಲಿನ ನಡುವೆ ಜಾಗ ಬಿಡಬೇಡಿರಿ ಎಂದು ಇಮಾಮನಾಗಿ ನಾನು ಹೇಳಿದೆನಲ್ಲ, ಆ ಸಾಲಿನಲ್ಲಿ ಒಬ್ಬನ ಜಾಗ ಖಾಲಿಯಿತ್ತು. ಅವನು ಕೆಳಗೆ ಮಂಟಪದ ಕಂಬಕ್ಕೊರಗಿ ಒಬ್ಬನೇ ನಮಾಝ್ ಮಾಡುತ್ತಿದ್ದ.

ಇನ್ನು ನಮಾಝ್‌ನ ವಿಷಯಕ್ಕೇ ಬಂದರೆ, ದೀರ್ಘವಾಗಿ ನಮಾಝ್ ಮಾಡಬೇಕೆಂದು ನಿಂತಿದ್ದಾಗಲೂ ಮಗುವಿನ ಅಳು ಕೇಳಿದರೆ ಪ್ರವಾದಿವರ್ಯರು(ಸ) ಅದನ್ನು ಸಂಕ್ಷಿಪ್ತಗೊಳಿಸುತ್ತಿದ್ದರು, ತಾಯಿಗೆ ಕಷ್ಟವಾದೀತೆಂದು. ಹಿಂದಿನ ಸಾಲಿನಲ್ಲಿದ್ದ ಆ ತಾಯಿ ಏನಾದರೂ ಕೇಳಿದ್ದಳೇ? ಕೇಳುವುದು ಸಾಧ್ಯವೂ ಇರಲಿಲ್ಲ. ಕೇಳಿದ್ದರೆ ಪ್ರಾಯಶಃ ಆಕೆಯೂ "ಪರವಾಗಿಲ್ಲ, ನೀವು ಮುಂದುವರಿಸಿ" ಎನ್ನುತ್ತಿದ್ದಳು. ದುರ್ಬಲನು ಬಾಯಿಬಿಟ್ಟು ಕೇಳಬೇಕಾದ ಸ್ಥಿತಿ ಬರುವುದಕ್ಕೆ ಮುಂಚೆಯೇ ಬಲವಂತನು ತನ್ನ ಹೆಜ್ಜೆಯನ್ನು ತಗ್ಗಿಸುವುದನ್ನು ನಾನು ಈ ಘಟನೆಯಿಂದ ಕಲಿತೆ, ತಡವಾಗಿ ಕಲಿತೆ.

ಹಾಗಾದರೆ ಯಾರೂ ಶಿಖರ ಮುಟ್ಟಲೇಬಾರದೇ ಎಂದು ಯುವ ಓದುಗರು ಕೇಳಬಹುದು. ಹಾಗಲ್ಲ. ನಮ್ಮಲ್ಲೊಬ್ಬ ಅವನ ಜೊತೆ ಉಳಿದಿದ್ದರೆ ಉಳಿದ ಮೂವರು ಧಾರಾಳವಾಗಿ ಹೋಗಿ ಬರಬಹುದಿತ್ತು. ಹೊರಡುವ ಮುಂಚೆ ಮನೆಯಲ್ಲೇ ಕುಳಿತು, "ನಿನಗೆ ಕಷ್ಟವಾದರೆ ಯಾರು ಉಳಿಯುವುದು?" ಎಂದು ಸಹಜವಾಗಿ ಮಾತಾಡಿಕೊಂಡಿದ್ದರೆ ಅವನಿಗೂ ನಾಚಿಕೆಯಾಗುತ್ತಿರಲಿಲ್ಲ. ಮೂವರು ಪ್ರಯಾಣ ಹೊರಟರೆ ಒಬ್ಬನನ್ನು ಅಮೀರನಾಗಿ ಆರಿಸಿಕೊಳ್ಳಬೇಕೆಂಬ ಪ್ರವಾದಿ ವಚನವನ್ನು ನಾವು ಐವರೂ ಮದ್ರಸದಲ್ಲಿ ಕಲಿತವರು, ಪರೀಕ್ಷೆಯಲ್ಲಿ ಬರೆದವರು. ಬಸ್ಸು ಹತ್ತುವಾಗ ಯಾರಿಗೂ ಅದು ನೆನಪಾಗಲಿಲ್ಲ. ಅಮೀರನಿಲ್ಲದ ಗುಂಪಿನಲ್ಲಿ ಯಾರ ಕಾಲು ವೇಗವೋ ಅವನೇ ಅಮೀರ. ಇತ್ತ ಆ ಗೆಳೆಯನದೂ ಒಂದು ಪಾಲು ಇತ್ತೆಂದು ಹೇಳದಿದ್ದರೆ ಅನ್ಯಾಯವಾದೀತು. ತನ್ನ ಕಾಯಿಲೆಯನ್ನು ಮುಚ್ಚಿಟ್ಟು ಬೆಟ್ಟಕ್ಕೆ ಬರುವುದು ತನ್ನ ಶರೀರಕ್ಕೂ ಜೊತೆಗಾರರಿಗೂ ಮಾಡುವ ಮೋಸ. ಆದರೆ ಹೇಳಿದವನನ್ನು ಹಾಸ್ಯಮಾಡುವ ಗೆಳೆಯರಿದ್ದರೆ ಮುಚ್ಚಿಡದೆ ಇನ್ನೇನು ಮಾಡಿಯಾನು?

ಈ ಪ್ರಶ್ನೆ ಜಗತ್ತಿನ ಅತ್ಯುನ್ನತ ಪರ್ವತದ ಮೇಲೂ ಎದ್ದಿದೆ. 2006ರ ಮೇ 15ರಂದು ಎವರೆಸ್ಟಿನ ಉತ್ತರ ದಿಕ್ಕಿನ ದಾರಿಯಲ್ಲಿ ಡೇವಿಡ್ ಶಾರ್ಪ್ ಎಂಬ ಬ್ರಿಟಿಷ್ ಆರೋಹಿ ಶಿಖರದ ಕೆಳಗಿನ ಒಂದು ಬಂಡೆಯ ಮರೆಯಲ್ಲಿ ಕುಸಿದು ಕುಳಿತಿದ್ದ. ಆ ದಿನ ಅವನನ್ನು ದಾಟಿ ಹೋದ ಆರೋಹಿಗಳು ಸುಮಾರು 40 ಮಂದಿ ಎಂದು ವರದಿಯಾಯಿತು. ಕೆಲವರು ಅವನನ್ನು ಗಮನಿಸಲಿಲ್ಲ, ಕೆಲವರು ಇನ್ನು ಉಳಿಸಲಾಗದೆಂದು ಭಾವಿಸಿದರು, ಕೆಲವರು ನೆರವಾಗಲು ಯತ್ನಿಸಿದ್ದೂ ಉಂಟು. ಅವನು ಅಲ್ಲೇ ತೀರಿಕೊಂಡ. 1953ರಲ್ಲಿ ತೇನ್‌ಸಿಂಗ್ ಜೊತೆ ಆ ಶಿಖರವನ್ನು ಮೊದಲು ಮುಟ್ಟಿದ ಎಡ್ಮಂಡ್ ಹಿಲರಿ ಇದನ್ನು ಕೇಳಿ ಕೆಂಡವಾದರು. ಒಬ್ಬ ಸಾಯುತ್ತಿರುವಾಗ ಶಿಖರದ ಕಡೆ ನಡೆಯುವುದನ್ನು ಅವರು ಬಹಿರಂಗವಾಗಿಯೇ ಖಂಡಿಸಿದರು. ಅಷ್ಟು ಎತ್ತರದಲ್ಲಿ, ಉಸಿರಾಡಲು ಗಾಳಿಯೇ ಸಾಲದ ಜಾಗದಲ್ಲಿ, ಇನ್ನೊಬ್ಬನನ್ನು ಹೊತ್ತು ಇಳಿಸುವುದು ಎಷ್ಟು ಕಷ್ಟವೆಂದು ಕೆಳಗೆ ಕುಳಿತ ನಾವು ತೀರ್ಪು ಕೊಡಲಾರೆವು.

ಆದರೆ ಅದಾಗಿ ಹನ್ನೊಂದೇ ದಿನಗಳಲ್ಲಿ, ಮೇ 26ರಂದು, ಅದೇ ದಾರಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಲಿಂಕನ್ ಹಾಲ್ ಎಂಬ ಆಸ್ಟ್ರೇಲಿಯಾದ ಆರೋಹಿ ಸತ್ತನೆಂದು ಹಿಂದಿನ ಸಂಜೆಯೇ ಘೋಷಿಸಲಾಗಿತ್ತು. ಮರುದಿನ ಬೆಳಗ್ಗೆ ಡ್ಯಾನ್ ಮಜೂರ್, ಆ್ಯಂಡ್ರೂ ಬ್ರಾಶ್, ಮೈಲ್ಸ್ ಆಸ್ಬರ್ನ್ ಮತ್ತು ಜಂಗ್ಬು ಶೆರ್ಪಾ ಶಿಖರಕ್ಕೆ ಹೋಗುತ್ತಿದ್ದಾಗ ಆತ ಬದುಕಿ ಕುಳಿತಿರುವುದನ್ನು ಕಂಡರು. ಶಿಖರ ಕಣ್ಣೆದುರಿನಲ್ಲೇ ಇತ್ತು, ಹವೆಯೂ ಚೆನ್ನಾಗಿತ್ತು. ಅವರು ಅಲ್ಲೇ ನಿಂತರು, ತಮ್ಮ ನೀರು, ತಿನಿಸು, ಆಮ್ಲಜನಕವನ್ನು ಅವನಿಗೆ ಕೊಟ್ಟರು, ಕೆಳಗಿನಿಂದ ನೆರವು ಬರುವ ತನಕ ಗಂಟೆಗಟ್ಟಲೆ ಕಾದರು. ಶಿಖರಕ್ಕೆ ಹೋಗುವ ಸಮಯ ಮೀರಿತು, ತಿರುಗಿ ಇಳಿದರು. ಲಿಂಕನ್ ಹಾಲ್ ಬದುಕಿ ಮನೆ ಸೇರಿದ. ಈ ನಾಲ್ವರು ಮುಸ್ಲಿಮರಲ್ಲ. ಒಬ್ಬ ಮನುಷ್ಯನನ್ನು ಬದುಕಿಸಿದವನು ಸಕಲ ಮಾನವರನ್ನು ಬದುಕಿಸಿದಂತೆ ಎಂಬ ಕುರ್‌ಆನಿನ ಆಶಯಕ್ಕೆ ಕಣ್ಣಿಗೆ ಕಾಣುವ ಉದಾಹರಣೆ ಬೇಕೆಂದಾಗ ಮಾತ್ರ ನನಗೆ ಇವರೇ ನೆನಪಾಗುತ್ತಾರೆ. ಜೊತೆಗೆ, ನನ್ನ ಗೆಳೆಯನ ಚೀಲ ಹೊತ್ತ ಆ ಹೆಸರು ತಿಳಿಯದ ಹುಡುಗನೂ.

ಬೆಟ್ಟ ಹತ್ತದವರು ಈ ಲೇಖನ ತಮಗಲ್ಲವೆಂದು ಪುಟ ತಿರುಗಿಸಬೇಡಿ. "ನೀವು ಹೋಗಿ ಬನ್ನಿ" ಎಂಬ ಮಾತು ನಮ್ಮ ಮನೆಗಳೊಳಗೆ ದಿನವೂ ಕೇಳುತ್ತದೆ. ಮದುವೆಗೆ ಎಲ್ಲರೂ ಹೊರಡುವಾಗ ಮಂಡಿನೋವಿನ ಅಜ್ಜಿ ಹಾಗೆ ಹೇಳುತ್ತಾರೆ, ಕಾರಿನಲ್ಲಿ ಜಾಗ ಸಾಲದೆಂದು ಅವರಿಗೆ ಗೊತ್ತು. ಮೀನಿನ ತುಂಡುಗಳು ಎಣಿಕೆಗೆ ಸಾಲದಾದಾಗ "ನನಗೆ ಅದು ಸೇರುವುದಿಲ್ಲ" ಎಂದು ಉಮ್ಮ ಹೇಳುತ್ತಾರೆ, ನಾವು ನಂಬುತ್ತೇವೆ. ಇನ್ನು ತಂದೆ ತೀರಿಕೊಂಡ ಮೇಲೆ ಆಸ್ತಿ ಪಾಲಾಗುವಾಗ ಏನಾಗುತ್ತದೆ? ಅಲ್ಲಾಹನು ನಿಗದಿಪಡಿಸಿದ ಪಾಲು ಸಹೋದರಿಗೂ ಇದೆ. ನಾಲ್ವರು ಸಹೋದರರು ಸುತ್ತ ಕುಳಿತಿರುತ್ತಾರೆ. ಕಾಗದ ಸಿದ್ಧವಾಗಿರುತ್ತದೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಆಕೆ, "ನನಗೆ ಏನೂ ಬೇಡ, ನೀವೇ ಇಟ್ಟುಕೊಳ್ಳಿ" ಎಂದು ಸಹಿ ಹಾಕುತ್ತಾಳೆ. "ಅವಳೇ ಬಿಟ್ಟುಕೊಟ್ಟಳು" ಎಂದು ಸಹೋದರರು ಆಮೇಲೆ ಊರಿಗೆಲ್ಲ ಹೇಳುತ್ತಾರೆ, ಹಜ್ಜ್‌ಗೂ ಹೋಗಿ ಬರುತ್ತಾರೆ. ನಾನು ಆ ಸಹೋದರರನ್ನು ಟೀಕಿಸುವಾಗ ಧ್ವನಿ ಎತ್ತರಿಸಲಾರೆ. ಕಲ್ಲುಮಂಟಪದಲ್ಲಿ ನಾನೂ ಒಂದು ಸಹಿ ಹಾಕಿಸಿಕೊಂಡವನು.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಆ ಗೆಳೆಯನ ಪಕ್ಕದಲ್ಲಿ ಊಟಕ್ಕೆ ಕುಳಿತೆ. ಈಗ ಅವನ ಗಡ್ಡವೂ ನನ್ನದೂ ನೆರೆತಿದೆ. ಧೈರ್ಯ ಮಾಡಿ ಆ ದಿನದ ಮಾತೆತ್ತಿ ಕ್ಷಮೆ ಕೇಳಿದೆ. ಅವನು ಮರೆತಿರಬಹುದೆಂದು ಒಳಗೊಳಗೆ ಆಸೆಯಿತ್ತು. ಅವನು ಮರೆತಿರಲಿಲ್ಲ.

"ನೀವು ಹೋದದ್ದಕ್ಕೆ ನನಗೆ ಬೇಸರವಿರಲಿಲ್ಲ ಮಾರಾಯ" ಎಂದ. "ಹೋಗಿ ಅಂತ ನಾನೇ ಹೇಳಿದ್ದಲ್ಲವಾ? ಆ ಏರು ಹತ್ತುವವರೆಗೂ ನಿಮ್ಮನ್ನೇ ನೋಡುತ್ತಾ ಕೂತಿದ್ದೆ. ಒಬ್ಬನಾದರೂ ತಿರುಗಿ ಕೈಬೀಸುತ್ತಾನೆ ಅಂತ."

ಅಷ್ಟು ಹೇಳಿ ನನ್ನ ತಟ್ಟೆಗೆ ತುಪ್ಪದನ್ನ ಬಡಿಸಿದ. ಕ್ಷಮಿಸಿದ್ದೇನೆಂದು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಎರಡನೇ ಸಲ ಕೇಳಲಿಲ್ಲ. ಕೇಳಿದ್ದರೆ "ಕ್ಷಮಿಸಿದ್ದೇನೆ" ಎಂದೇ ಹೇಳುತ್ತಿದ್ದ. ಅವನ ಸ್ವಭಾವ ನನಗೆ ಗೊತ್ತು.

ನನ್ನ ಮಗನಿಗೆ ಈಗ ಹತ್ತೊಂಬತ್ತು. ಕಳೆದ ಚಳಿಗಾಲದಲ್ಲಿ ಅವನೂ ಗೆಳೆಯರ ಜೊತೆ ಬೆಟ್ಟಕ್ಕೆ ಹೊರಟ. ಅವನ ಉಮ್ಮ ಸ್ವೆಟರ್ ತಂದಿಟ್ಟಳು. ನಾನು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಕೇಳಿದೆ: ನಿಮ್ಮಲ್ಲಿ ನಿಧಾನ ನಡೆಯುವವನು ಯಾರು? ಅವನು ಸ್ವಲ್ಪ ಹೊತ್ತು ಚೀಲದ ಪಟ್ಟಿ ಬಿಗಿಯುತ್ತಾ ಸುಮ್ಮನಿದ್ದು, "ನಾನೇ ಅಬ್ಬಾ" ಎಂದ.

ನನಗೆ ಮುಂದೆ ಮಾತು ಹೊರಡಲಿಲ್ಲ. ಅವನ ಗೆಳೆಯರು ಹೊರಗೆ ರಸ್ತೆಯಲ್ಲಿ ಹಾರ್ನ್ ಹಾಕುತ್ತಿದ್ದರು.